ಕೂಡುತ್ತದೆ, ಕಳೆಯುತ್ತದೆ, ಪ್ರಶ್ನೆ ಮಾತ್ರ ಕೇಳುವುದಿಲ್ಲ: ಐಆರ್‌ಎಸ್‌ನ ಉಚಿತ ಫಿಲ್ಲಬಲ್ ಫಾರ್ಮ್ಸ್ ಹೇಗಿದೆ?

ಅಮೆರಿಕದಲ್ಲಿ ಫೆಡರಲ್ ಟ್ಯಾಕ್ಸ್ ರಿಟರ್ನ್ ಸಲ್ಲಿಸಲು ದುಡ್ಡು ಕೊಡಲೇಬೇಕೆಂದೇನಿಲ್ಲ. ಅಲ್ಲಿನ ತೆರಿಗೆ ಇಲಾಖೆ ಐಆರ್‌ಎಸ್‌ನ ವೆಬ್‌ಸೈಟಿನಿಂದ ತಲುಪಬಹುದಾದ ಫ್ರೀ ಫೈಲ್‌ನಲ್ಲಿ ಎರಡು ಬಗೆ. ಒಂದು, ಪ್ರಶ್ನೆ ಕೇಳುತ್ತ ಕೈಹಿಡಿದು ನಡೆಸುವ ಸಾಫ್ಟ್‌ವೇರ್. 2025ರ ರಿಟರ್ನ್‌ಗೆ ಅದು ಸಿಗುವುದು ಎಜಿಐ, ಅಂದರೆ ಅಡ್ಜಸ್ಟೆಡ್ ಗ್ರಾಸ್ ಇನ್‌ಕಮ್ (ಕೆಲವು ಕಡಿತ ಕಳೆದ ಆದಾಯ), 89,000 ಡಾಲರ್ ದಾಟದವರಿಗೆ. ಇನ್ನೊಂದು ಫ್ರೀ ಫೈಲ್ ಫಿಲ್ಲಬಲ್ ಫಾರ್ಮ್ಸ್. ಇದಕ್ಕೆ ಆದಾಯದ ಮಿತಿಯೇ ಇಲ್ಲ. ಐಆರ್‌ಎಸ್ ತಾನೇ ನಡೆಸುತ್ತಿದ್ದ ಡೈರೆಕ್ಟ್ ಫೈಲ್ 2026ರಲ್ಲಿ ಇಲ್ಲವಾದ್ದರಿಂದ, ಸಂಬಳ ಚೆನ್ನಾಗಿರುವ ಆದರೆ ಸಾಫ್ಟ್‌ವೇರ್‌ಗೆ ಹಣ ಸುರಿಯಲು ಮನಸ್ಸಿಲ್ಲದ ಮಂದಿ ಈಗ ಇದರ ಕಡೆ ನೋಡುತ್ತಿದ್ದಾರೆ.

ತೆರೆದರೆ ಕಾಣುವುದು ಮುಖ್ಯ ರಿಟರ್ನ್ ಆದ ಕಾಗದದ ಫಾರ್ಮ್ 1040, ತೆರೆಯ ಮೇಲೆ ಹಾಗೇ. ಖಾಲಿ ಚೌಕಗಳು, ‘ಡು ದ ಮ್ಯಾತ್’ ಎಂಬ ಒಂದು ಗುಂಡಿ, ಬೇಕಾದ ಶೆಡ್ಯೂಲ್‌ಗಳನ್ನು (ಪೂರಕ ಹಾಳೆಗಳನ್ನು) ಸೇರಿಸಿಕೊಳ್ಳುವ ಮೆನು. ಭಾರತದ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಸಂಬಳ, ಬಡ್ಡಿ, ಟಿಡಿಎಸ್ ಎಲ್ಲ ಮೊದಲೇ ತುಂಬಿಕೊಂಡು ಬರುವುದನ್ನು ನೋಡಿ ರೂಢಿಯಾದವರಿಗೆ ಇಲ್ಲಿ ನಿರಾಸೆ ಖಚಿತ. ಹೋದ ವರ್ಷದ ವಿಳಾಸ ಕೂಡ ಇದಕ್ಕೆ ನೆನಪಿರುವುದಿಲ್ಲ; ಪ್ರತಿ ವರ್ಷ ಹೊಸ ಖಾತೆ ತೆರೆಯಬೇಕು. ಕೂಡುತ್ತದೆ, ಕಳೆಯುತ್ತದೆ, ಕೆಲವು ಶೆಡ್ಯೂಲ್‌ನ ಮೊತ್ತವನ್ನು 1040ರ ಸಾಲಿಗೆ ಒಯ್ಯುತ್ತದೆ. ಯಾವ ಸಾಲು ತಾನಾಗಿ ತುಂಬುತ್ತದೆ, ಯಾವುದನ್ನು ನಾವೇ ಬರೆಯಬೇಕು ಎನ್ನುವುದನ್ನು ಪ್ರತಿ ಫಾರ್ಮ್‌ಗೂ ಇರುವ ಸಾಲುವಾರು ಸಹಾಯದ ಪುಟ ಹೇಳುತ್ತದೆ. ಆ ಪುಟವನ್ನು ಪಕ್ಕದ ಟ್ಯಾಬಿನಲ್ಲಿ ತೆರೆದಿಟ್ಟುಕೊಳ್ಳದೆ ಕೂರಬೇಡಿ. ‘ಗೊತ್ತಿರುವ ಮಿತಿಗಳು’ ಎಂದು ಅಲ್ಲೇ ಕೊಟ್ಟಿರುತ್ತಾರೆ: ಯಾವ ಫಾರ್ಮ್ ಎಷ್ಟು ಪ್ರತಿ ಸೇರಿಸಬಹುದು, ಯಾವ ಸಾಲಿನ ಪಕ್ಕ ಟಿಪ್ಪಣಿ ಬರೆಯಲು ಬರುವುದಿಲ್ಲ ಇತ್ಯಾದಿ. ಬೇರೆ ದಾಖಲೆ ಲಗತ್ತಿಸುವ ಸೌಲಭ್ಯವೂ ಇಲ್ಲ.

ಡಬ್ಲ್ಯೂ-2 (ಕಂಪನಿ ಕೊಡುವ ಸಂಬಳದ ಪತ್ರ) ತೋರಿಸುವ ಸಂಬಳ, ಬ್ಯಾಂಕ್ ಬಡ್ಡಿ, ಒಂದಷ್ಟು ಡಿವಿಡೆಂಡ್, ಭಾರತದಲ್ಲಿ ಒಂದೆರಡು ಎಫ್‌ಡಿ, ಸ್ಟ್ಯಾಂಡರ್ಡ್ ಡಿಡಕ್ಷನ್: ಇಷ್ಟೇ ಇರುವವರಿಗೆ ಇದು ಒಳ್ಳೆಯ ಸಾಧನ, ಒಂದು ಮಧ್ಯಾಹ್ನದ ಕೆಲಸ. ಯಾವ ಅಂಕಿ ಯಾವ ಸಾಲಿಗೆ ಎಂದು ಗೊತ್ತಿಲ್ಲದವರಿಗೆ ಮಾತ್ರ ಇದು ಬಾವಿಯ ಪಕ್ಕದಲ್ಲಿ ಹಗ್ಗವಿಲ್ಲದೆ ಬಿಟ್ಟ ಕೊಡ. ತಪ್ಪು ಬರೆದರೂ ತಡೆಯುವುದಿಲ್ಲ. ತಡೆಯಬೇಕಾದ ಜಾಗಗಳು ಎಲ್ಲೆಲ್ಲಿವೆ ಎಂದು ತಿಳಿದುಕೊಂಡೇ ಇದನ್ನು ಅಳೆಯಬೇಕು.

ಎಫ್-1 ವೀಸಾದ ವಿದ್ಯಾರ್ಥಿಗಳು ಇಲ್ಲಿಗೆ ಬರುವ ಮುಂಚೆ ಒಂದು ವಿಷಯ ನೋಡಿಕೊಳ್ಳಲಿ. ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಅವರು ತೆರಿಗೆಯ ಲೆಕ್ಕಕ್ಕೆ ನಾನ್‌ರೆಸಿಡೆಂಟ್ (ಅನಿವಾಸಿ). ಅವರ ಫಾರ್ಮ್ 1040 ಅಲ್ಲ, 1040-ಎನ್‌ಆರ್. ನಾನ್‌ರೆಸಿಡೆಂಟ್‌ಗಳಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲ ಎನ್ನುವುದು ನಿಯಮವಾದರೂ ಭಾರತದ ವಿದ್ಯಾರ್ಥಿಗಳಿಗೆ ಭಾರತ-ಅಮೆರಿಕ ತೆರಿಗೆ ಒಪ್ಪಂದದ 21(2)ನೇ ವಿಧಿ ಅದನ್ನು ಕೊಡುತ್ತದೆ. ಪಕ್ಕದ ರೂಮಿನ ಬೇರೆ ದೇಶದ ಗೆಳೆಯನನ್ನು ನೋಡಿ ಬಿಟ್ಟುಕೊಡಬೇಡಿ. ಈ ವಿಮರ್ಶೆಯ ಉಳಿದ ಭಾಗ ರೆಸಿಡೆಂಟ್‌ಗಳಿಗೆ.

ಆದಾಯದಿಂದ ಶುರು ಮಾಡೋಣ. ಡಬ್ಲ್ಯೂ-2ರ 1ನೇ ಬಾಕ್ಸ್‌ನ ಅಂಕಿ 1040ರ 1ಎ ಸಾಲಿಗೆ. ಅದು 3 ಮತ್ತು 5ನೇ ಬಾಕ್ಸ್‌ಗಿಂತ ಕಡಿಮೆ ಇದ್ದರೆ ಗಾಬರಿ ಬೇಡ. 401(ಕೆ) ಎಂಬ ನಿವೃತ್ತಿ ಉಳಿತಾಯಕ್ಕೆ ಹಾಕಿದ ಹಣ, 2025ರಲ್ಲಿ 50 ವರ್ಷ ತುಂಬದವರಿಗೆ ಗರಿಷ್ಠ 23,500 ಡಾಲರ್, 1ನೇ ಬಾಕ್ಸ್‌ನಿಂದ ಆಗಲೇ ಕಳೆದಿರುತ್ತದೆ. ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ), ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ತೆರಿಗೆಯ ಲೆಕ್ಕದಿಂದ ಕಳೆಯುವುದಿಲ್ಲ. ಅದನ್ನು ಮತ್ತೊಮ್ಮೆ ಎಲ್ಲೂ ಕಳೆಯುವಂತಿಲ್ಲ. ಇದೇ ಎಡವಟ್ಟು ಎಚ್‌ಎಸ್‌ಎ ಎಂಬ ವೈದ್ಯಕೀಯ ಉಳಿತಾಯ ಖಾತೆಯಲ್ಲಿ ಹೆಚ್ಚು. ಸಂಬಳದ ಮೂಲಕವೇ ಕಟ್ಟಿದ ಎಚ್‌ಎಸ್‌ಎ ಹಣ 12ನೇ ಬಾಕ್ಸ್‌ನಲ್ಲಿ ಡಬ್ಲ್ಯೂ ಕೋಡ್ ಹೊತ್ತು ಬರುತ್ತದೆ. ಫಾರ್ಮ್ 8889ರಲ್ಲಿ ಅದು 9ನೇ ಸಾಲಿಗೆ ಹೋಗಬೇಕು, ಅಂದರೆ ಕಂಪನಿ ಕಟ್ಟಿದ ಲೆಕ್ಕಕ್ಕೆ. ‘ನನ್ನ ಸಂಬಳದಿಂದ ತಾನೇ ಹೋಗಿದ್ದು’ ಎಂದು 2ನೇ ಸಾಲಿಗೆ ಬರೆದರೆ ಅದೇ ದುಡ್ಡಿಗೆ ಎರಡು ಸಲ ಕಡಿತ ಸಿಗುತ್ತದೆ. ಫಿಲ್ಲಬಲ್ ಫಾರ್ಮ್ಸ್ ಖುಷಿಯಿಂದ ಕೂಡಿಕೊಡುತ್ತದೆ, ಐಆರ್‌ಎಸ್‌ನ ಪತ್ರ ಆಮೇಲೆ ಬರುತ್ತದೆ.

ವರ್ಷದ ನಡುವೆ ಕೆಲಸ ಬದಲಿಸಿದವರು 4ನೇ ಬಾಕ್ಸ್‌ಗಳನ್ನು ಕೂಡಿ ನೋಡಿ. 2025ರಲ್ಲಿ ಸೋಷಿಯಲ್ ಸೆಕ್ಯುರಿಟಿ ತೆರಿಗೆ 1,76,100 ಡಾಲರ್ ಸಂಬಳದವರೆಗೆ ಮಾತ್ರ, ಅಂದರೆ ಗರಿಷ್ಠ 10,918.20 ಡಾಲರ್. ಎರಡು ಕಂಪನಿ ಸೇರಿ ಇದಕ್ಕಿಂತ ಹೆಚ್ಚು ಹಿಡಿದಿದ್ದರೆ ಹೆಚ್ಚುವರಿಯನ್ನು ಶೆಡ್ಯೂಲ್ 3ರ 11ನೇ ಸಾಲಿನಲ್ಲಿ ವಾಪಸ್ ಕೇಳಬಹುದು. ಗಂಡನದು ಬೇರೆ, ಹೆಂಡತಿಯದು ಬೇರೆ ಲೆಕ್ಕ. ಇಬ್ಬರದನ್ನೂ ಕೂಡಿ ಹೋಲಿಸುವಂತಿಲ್ಲ. ಒಂದೇ ಕಂಪನಿ ಹೆಚ್ಚು ಹಿಡಿದಿದ್ದರೆ ರಿಟರ್ನ್‌ನಲ್ಲಿ ಸಿಗದು, ಆ ಕಂಪನಿಯನ್ನೇ ಕೇಳಬೇಕು. ಇನ್ನೊಂದು ಬದಿಯದೂ ಇದೆ: ತಲಾ 1,50,000 ಡಾಲರ್ ಸಂಬಳದ ದಂಪತಿಯ ಯಾವ ಕಂಪನಿಯೂ ಹೆಚ್ಚುವರಿ ಮೆಡಿಕೇರ್ ತೆರಿಗೆ ಹಿಡಿದಿರುವುದಿಲ್ಲ, ಏಕೆಂದರೆ ಒಬ್ಬೊಬ್ಬರದೂ 2,00,000 ದಾಟಿಲ್ಲ. ಜಂಟಿ ರಿಟರ್ನ್‌ನಲ್ಲಿ ಮಿತಿ 2,50,000. ಮೇಲಿನ 50,000ಕ್ಕೆ ಶೇ 0.9ರಂತೆ 450 ಡಾಲರ್ ಬಾಕಿ, ಫಾರ್ಮ್ 8959. ಕೈಹಿಡಿದು ನಡೆಸುವ ಸಾಫ್ಟ್‌ವೇರ್ ಈ ಫಾರ್ಮನ್ನು ತಾನೇ ಎದುರಿಗಿಡುತ್ತದೆ. ಇಲ್ಲಿ ಹುಡುಕಿ ಸೇರಿಸಿಕೊಳ್ಳುವುದು ನಮ್ಮ ಪಾಲು.

ಬಡ್ಡಿಯ ವಿಷಯದಲ್ಲಿ ನಮ್ಮವರಿಗೆ ವಿಶೇಷ ಎಚ್ಚರಿಕೆ ಬೇಕು. ಎನ್‌ಆರ್‌ಇ (ವಿದೇಶದ ಗಳಿಕೆಯನ್ನು ಭಾರತದಲ್ಲಿಡುವ ಖಾತೆ) ಎಫ್‌ಡಿಯ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಅಮೆರಿಕದಲ್ಲಿ ಪೂರ್ತಿ ಇದೆ. ಅದು 2ಬಿ ಸಾಲಿಗೆ ಸೇರಲೇಬೇಕು. ಬ್ಯಾಂಕಿನ ಬಡ್ಡಿ ಪತ್ರ 1099-ಐಎನ್‌ಟಿ ಬರಲಿಲ್ಲ ಎನ್ನುವುದು ಕಾರಣವಲ್ಲ. ಭಾರತದ ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಇಲ್ಲಿ ಬೇಕಿರುವುದು ಜನವರಿಯಿಂದ ಡಿಸೆಂಬರ್. ಎರಡು ಆರ್ಥಿಕ ವರ್ಷದ ಸ್ಟೇಟ್‌ಮೆಂಟ್ ತರಿಸಿ, ತಿಂಗಳುಗಳನ್ನು ಬೇರ್ಪಡಿಸಿ, ವಾರ್ಷಿಕ ಸರಾಸರಿ ದರದಲ್ಲಿ ಡಾಲರ್‌ಗೆ ತಿರುಗಿಸಬೇಕು. ವಿದೇಶಿ ಖಾತೆ ಇದ್ದ ಮೇಲೆ ಬಡ್ಡಿ 1,500 ಡಾಲರ್ ದಾಟದಿದ್ದರೂ ಶೆಡ್ಯೂಲ್ ಬಿ ಸೇರಿಸಿ ಅದರ ಮೂರನೇ ಭಾಗ ತುಂಬಬೇಕಾಗುತ್ತದೆ. 7ಎ ಸಾಲಿನಲ್ಲಿ ಎರಡು ಪ್ರಶ್ನೆ: ವಿದೇಶಿ ಖಾತೆ ಇತ್ತೇ, ಇದ್ದರೆ ಎಫ್‌ಬಿಎಆರ್ ಎಂಬ ವಿದೇಶಿ ಖಾತೆಗಳ ವರದಿ ಸಲ್ಲಿಸಬೇಕೇ. ಊರಿನ ಎಲ್ಲ ಖಾತೆ ಸೇರಿ ವರ್ಷದ ಯಾವುದೇ ಒಂದು ದಿನ 10,000 ಡಾಲರ್ ದಾಟಿದ್ದರೆ ಎರಡಕ್ಕೂ ಹೌದು. ಅಪ್ಪನ ಜೊತೆಗಿನ ಜಂಟಿ ಖಾತೆಯೂ ಲೆಕ್ಕಕ್ಕಿದೆ. ಎಫ್‌ಬಿಎಆರ್ ಮಾತ್ರ ಇಲ್ಲಿ ಸಲ್ಲಿಕೆಯಾಗುವುದಿಲ್ಲ, ಅದರ ಪೋರ್ಟಲ್ ಹಣಕಾಸು ಅಪರಾಧ ತಡೆಯುವ ಸಂಸ್ಥೆ ಫಿನ್‌ಸೆನ್‌ನದು. ಇಲ್ಲಿ ‘ಹೌದು’ ಒತ್ತಿ ಅಲ್ಲಿ ಸಲ್ಲಿಸದೆ ಬಿಡುವವರಿಗೆ ಕೊರತೆಯಿಲ್ಲ.

ಎನ್‌ಆರ್‌ಒ (ಅನಿವಾಸಿಗಳ ಭಾರತದೊಳಗಿನ ಆದಾಯದ) ಖಾತೆಯ ಬಡ್ಡಿಗೆ ಭಾರತದಲ್ಲಿ ಶೇ 30 ಮತ್ತು ಅದರ ಮೇಲೆ ಸೆಸ್ ಹಿಡಿಯುತ್ತಾರೆ. ಅಷ್ಟನ್ನೂ ವಿದೇಶದಲ್ಲಿ ಕಟ್ಟಿದ ತೆರಿಗೆಯ ಫಾರ್ಮ್ 1116ರಲ್ಲಿ ಕ್ರೆಡಿಟ್ ಎಂದು ಬರೆಯುವುದು ತಪ್ಪು. ಬ್ಯಾಂಕ್ ಬಡ್ಡಿಗೆ ಒಪ್ಪಂದದ ದರ ಶೇ 15. ಅದಕ್ಕಿಂತ ಹೆಚ್ಚಿಗೆ ಹಿಡಿದದ್ದು ಭಾರತದಲ್ಲಿ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬೇಕಾದ ಹಣ. ಅಮೆರಿಕ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ. ಇನ್ನು ಭಾರತದ ಮ್ಯೂಚುವಲ್ ಫಂಡ್ ಇದ್ದವರು ದಯವಿಟ್ಟು ಈ ಉಚಿತ ಸಾಧನ ಮುಚ್ಚಿ, ಪಿಎಫ್‌ಐಸಿ (ವಿದೇಶಿ ಹೂಡಿಕೆ ಕಂಪನಿ) ನಿಯಮ ತಿಳಿದ ಸಿಪಿಎ, ಅಂದರೆ ಲೆಕ್ಕಪರಿಶೋಧಕರ ಬಳಿ ಹೋಗಿ. ಫಾರ್ಮ್ 8621 ವಾರಾಂತ್ಯದ ಕೆಲಸವಲ್ಲ.

ಆರ್‌ಎಸ್‌ಯು, ಅಂದರೆ ಕಂಪನಿ ಸಂಬಳದ ಭಾಗವಾಗಿ ಕೊಟ್ಟ ಷೇರು, ಮಾರಿದವರಿಗೆ ಅತಿ ದುಬಾರಿ ತಪ್ಪು ಕಾಯುತ್ತಿರುವುದು ಫಾರ್ಮ್ 8949ರಲ್ಲಿ. 40 ಷೇರು 150 ಡಾಲರ್‌ನಂತೆ ಕೈಗೆ ಬಂದವು ಎನ್ನಿ. ಆ 6,000 ಡಾಲರ್ ಡಬ್ಲ್ಯೂ-2ರ ಸಂಬಳದೊಳಗೆ ಆಗಲೇ ಸೇರಿದೆ. ಅವನ್ನು 6,200ಕ್ಕೆ ಮಾರಿದರೆ ಲಾಭ 200 ಮಾತ್ರ. ಆದರೆ ಬ್ರೋಕರ್ ಕಳಿಸುವ 1099-ಬಿಯಲ್ಲಿ ಕೊಂಡ ಬೆಲೆಯ ಜಾಗ ಖಾಲಿ ಇರುತ್ತದೆ ಅಥವಾ ಸೊನ್ನೆ. ಕಂಡದ್ದನ್ನು ಕಂಡಂತೆ ಬರೆದರೆ 6,200ಕ್ಕೂ ತೆರಿಗೆ ಕಟ್ಟಿದ ಹಾಗೆ, ಅದರಲ್ಲಿ 6,000ಕ್ಕೆ ಎರಡನೇ ಸಲ. ಬೆಲೆ ಐಆರ್‌ಎಸ್‌ಗೆ ವರದಿಯಾಗಿಲ್ಲ ಎಂದಿದ್ದರೆ ಸರಿಯಾದ 6,000ವನ್ನು ನೇರವಾಗಿ ಇ ಕಾಲಂನಲ್ಲಿ ಬರೆಯಿರಿ. ವರದಿಯಾಗಿದ್ದು ಅಂಕಿ ತಪ್ಪಿದ್ದರೆ (ರಿಯಾಯಿತಿಯಲ್ಲಿ ಕಂಪನಿ ಷೇರು ಕೊಳ್ಳುವ ಇಎಸ್‌ಪಿಪಿಯಲ್ಲಿ ಹೀಗಾಗುವುದೇ ಹೆಚ್ಚು) ಇ ಕಾಲಂನಲ್ಲಿ ವರದಿಯಾದ ಅಂಕಿಯನ್ನೇ ಇಟ್ಟು, ಎಫ್‌ನಲ್ಲಿ ಬಿ ಕೋಡ್, ಜಿಯಲ್ಲಿ ವ್ಯತ್ಯಾಸವನ್ನು ಮೈನಸ್ ಹಾಕಿ ಬರೆಯಬೇಕು. ಸರಿಯಾದ ಬೆಲೆ ಬ್ರೋಕರೇಜ್‌ನ ಪೂರಕ ಪಟ್ಟಿಯಲ್ಲಿ ಇರುತ್ತದೆ, ಅದು ಬೇರೆ ಕಡತ. ಫೆಬ್ರವರಿಯಲ್ಲಿ ಬಂದ 1099ರ ತಿದ್ದಿದ ಪ್ರತಿ ಮಾರ್ಚ್‌ನಲ್ಲಿ ಬರುವುದೂ ಉಂಟು, ಅವಸರ ಬೇಡ.

ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಟ್ಟಿದ್ದರೆ ಅದು ಶೆಡ್ಯೂಲ್ ಇ. ನಿವೇಶನದ ಪಾಲು ಬಿಟ್ಟು ಕಟ್ಟಡದ ಬೆಲೆಗೆ ಸವಕಳಿ ಕಳೆಯಬೇಕು. ವಿದೇಶದ ಮನೆಗೆ ಅಮೆರಿಕದಲ್ಲಿರುವ 27.5 ವರ್ಷದ ಲೆಕ್ಕವಲ್ಲ: 2017ರ ನಂತರ ಬಾಡಿಗೆಗೆ ಬಿಟ್ಟದ್ದಕ್ಕೆ 30 ವರ್ಷ, ಅದಕ್ಕೂ ಹಿಂದಿನದಕ್ಕೆ 40. ಸವಕಳಿ ತೆಗೆದುಕೊಳ್ಳದೆ ಬಿಟ್ಟರೂ ಮಾರುವಾಗ ತೆಗೆದುಕೊಂಡಂತೆಯೇ ಲೆಕ್ಕ ಹಾಕುತ್ತಾರೆ.

ಈಗ ಕಡಿತಗಳು. ಇಲ್ಲಿ 80ಸಿ ನೆನಪನ್ನು ಬದಿಗಿಡಿ. ಎಲ್‌ಐಸಿ ಕಂತಿಗೆ, ಪಿಪಿಎಫ್‌ಗೆ ಇಲ್ಲಿ ಕಡಿತವಿಲ್ಲ. ಎರಡು ಹಂತಗಳಿವೆ: ಎಜಿಐ ಲೆಕ್ಕಕ್ಕೂ ಮೊದಲಿನವು ಶೆಡ್ಯೂಲ್ 1ರಲ್ಲಿ, ಎಜಿಐ ಆದ ಮೇಲಿನವು 12ರಿಂದ 13ನೇ ಸಾಲಿನಲ್ಲಿ. ಮೊದಲನೆಯವು ಎಜಿಐಯನ್ನೇ ತಗ್ಗಿಸುವುದರಿಂದ ಹೆಚ್ಚು ಬೆಲೆಯುಳ್ಳವು. ಎಷ್ಟೋ ಸವಲತ್ತುಗಳ ಮಿತಿ ಎಜಿಐ ಮೇಲೆಯೇ ನಿಂತಿದೆ. ಎರಡನೇ ಹಂತದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ ಅಥವಾ ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡುವ ಶೆಡ್ಯೂಲ್ ಎ, ಎರಡರಲ್ಲಿ ಒಂದು. 2025ಕ್ಕೆ ಸ್ಟ್ಯಾಂಡರ್ಡ್ ಡಿಡಕ್ಷನ್ ಒಬ್ಬರಿಗೆ 15,750, ದಂಪತಿಗೆ 31,500, ಹೆಡ್ ಆಫ್ ಹೌಸ್‌ಹೋಲ್ಡ್‌ಗೆ (ಅವಲಂಬಿತರನ್ನು ಸಾಕುವ ಒಂಟಿ ಮನೆಯೊಡೆಯರಿಗೆ) 23,625 ಡಾಲರ್.

ಹಲವು ವರ್ಷ ಶೆಡ್ಯೂಲ್ ಎ ತೆರೆಯದೆಯೇ ಇದ್ದವರು 2025ಕ್ಕೆ ಒಮ್ಮೆ ತೆರೆದು ನೋಡಬೇಕು. ರಾಜ್ಯದ ಮತ್ತು ಸ್ಥಳೀಯ ತೆರಿಗೆಗಳಿಗೆ ಇದ್ದ 10,000 ಡಾಲರ್ ಮಿತಿ 40,000ಕ್ಕೆ ಏರಿದೆ. ಆದಾಯ 5,00,000 ದಾಟಿದ ಮೇಲೆ ಕರಗುತ್ತ ಮತ್ತೆ 10,000ಕ್ಕೆ ಇಳಿಯುತ್ತದೆ. ನ್ಯೂಜೆರ್ಸಿಯಲ್ಲಿ ಮನೆ ಇರುವ ಒಂದು ಜೋಡಿಯ ಲೆಕ್ಕ ಹಾಕೋಣ. ಎಜಿಐ 2,15,000. ರಾಜ್ಯ ಆದಾಯ ತೆರಿಗೆ 12,000, ಮನೆ ತೆರಿಗೆ 15,400, ಒಟ್ಟು 27,400. ಮನೆ ಸಾಲದ ಬಡ್ಡಿ 19,200. ದಾನ 2,400. ಎಲ್ಲ ಸೇರಿ 49,000. ಹಳೆಯ ಮಿತಿ ಇದ್ದಿದ್ದರೆ 31,600 ಆಗುತ್ತಿತ್ತು, 31,500ಕ್ಕಿಂತ ಬರೀ ನೂರು ಡಾಲರ್ ಹೆಚ್ಚು. ಈಗ 17,500 ಹೆಚ್ಚು. ಇವರು ಶೇ 22ರ ಹಂತದಲ್ಲಿರುವುದರಿಂದ ಉಳಿತಾಯ 3,850 ಡಾಲರ್. ಶೆಡ್ಯೂಲ್ ಎ ಸೇರಿಸಿ ಎಂದು ಫಿಲ್ಲಬಲ್ ಫಾರ್ಮ್ಸ್ ಹೇಳುವುದಿಲ್ಲ. ಸೇರಿಸದಿದ್ದರೆ ಆ ದುಡ್ಡು ಹೋದಂತೆಯೇ. ನಮ್ಮ ದೃಷ್ಟಿಯಲ್ಲಿ ಇದೇ ಈ ಸಾಧನದ ದೊಡ್ಡ ಕೊರತೆ. ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಎರಡೂ ಲೆಕ್ಕ ಹಾಕಿ ಹೆಚ್ಚಿನದನ್ನು ತಾನೇ ಆರಿಸುತ್ತದೆ.

ಏನು ಸೇರುತ್ತದೆ, ಏನಿಲ್ಲ ಎಂಬಲ್ಲೂ ಕಣ್ಣಿರಲಿ. ದಾನ ಅಮೆರಿಕದಲ್ಲಿ ಮಾನ್ಯತೆ ಪಡೆದ 501(ಸಿ)(3) ದತ್ತಿ ಸಂಸ್ಥೆಗೆ ಹೋಗಿರಬೇಕು. ಇಲ್ಲಿಯ ಹಿಂದೂ ದೇವಸ್ಥಾನ, ನೋಂದಾಯಿತ ಕನ್ನಡ ಶಾಲೆ ಸೇರಬಹುದು. ಊರಿನ ಮಠದ ಹುಂಡಿ, ಹಳ್ಳಿಯ ರಥೋತ್ಸವದ ವಂತಿಗೆ ಸೇರುವುದಿಲ್ಲ. ಒಂದೇ ಸಲ 250 ಡಾಲರ್ ಅಥವಾ ಹೆಚ್ಚು ಕೊಟ್ಟಿದ್ದರೆ ಸಂಸ್ಥೆಯ ಲಿಖಿತ ರಸೀತಿ ರಿಟರ್ನ್ ಸಲ್ಲಿಸುವ ಮೊದಲೇ ಕೈಯಲ್ಲಿರಬೇಕು, ಬ್ಯಾಂಕ್ ಸ್ಟೇಟ್‌ಮೆಂಟ್ ಸಾಲದು. ಬೆಂಗಳೂರಿನ ಸ್ವಂತ ಮನೆಗೆ ಕಟ್ಟಿದ ಆಸ್ತಿ ತೆರಿಗೆ ಶೆಡ್ಯೂಲ್ ಎಗೆ ಬರುವುದಿಲ್ಲ. ಆದರೆ ಅದೇ ಮನೆಯನ್ನು ಅಡವಿಟ್ಟು ಪಡೆದ ಗೃಹಸಾಲದ ಬಡ್ಡಿ ಎರಡನೇ ಮನೆಯ ಲೆಕ್ಕದಲ್ಲಿ ಬರಬಹುದು: ಸಾಲದ ಬಡ್ಡಿ ತೋರಿಸುವ 1098 ಫಾರ್ಮ್ ಇರುವುದಿಲ್ಲವಾದ್ದರಿಂದ 8ಬಿ ಸಾಲಿನಲ್ಲಿ, ಎರಡೂ ಮನೆಯ ಸಾಲ ಸೇರಿ 7,50,000 ಡಾಲರ್ ಅಸಲಿನ ಮಿತಿಯೊಳಗೆ. ವೈದ್ಯಕೀಯ ಖರ್ಚು ಎಜಿಐಯ ಶೇ 7.5 ದಾಟಿದ ಭಾಗ ಮಾತ್ರ. ಈ ಜೋಡಿಗೆ ಅದು 16,125 ಡಾಲರ್ ಆಚೆಗೆ, ಹಾಗಾಗಿ ಹೆಚ್ಚಿನವರಿಗೆ ಅದು ಹೆಸರಿಗಷ್ಟೇ. ಶೆಡ್ಯೂಲ್ ಎ ಬಳಸಿದವರು ಮುಂದಿನ ವರ್ಷ ರಾಜ್ಯದಿಂದ ರೀಫಂಡ್ ಬಂದರೆ ಅದನ್ನು ತಿಳಿಸುವ 1099-ಜಿ ಎತ್ತಿಡಲಿ, ಅದರಲ್ಲಿ ಒಂದು ಪಾಲು ಆದಾಯವಾಗಿ ಶೆಡ್ಯೂಲ್ 1ರ 1ನೇ ಸಾಲಿಗೆ ಮರಳಬಹುದು.

2025ಕ್ಕೆ ಹೊಸದಾಗಿ ಬಂದದ್ದು ಶೆಡ್ಯೂಲ್ 1-ಎ. ಹೆಸರಲ್ಲಿ 1 ಇದ್ದರೂ ಇದು ಎಜಿಐ ತಗ್ಗಿಸುವುದಿಲ್ಲ, 13ಬಿ ಸಾಲಿಗೆ ಬರುತ್ತದೆ. ಸ್ಟ್ಯಾಂಡರ್ಡ್ ತೆಗೆದುಕೊಂಡವರಿಗೂ ಉಂಟು. ಟಿಪ್ಸ್, ಓವರ್‌ಟೈಮ್, ಹೊಸ ಕಾರಿನ ಸಾಲದ ಬಡ್ಡಿ, 65 ತುಂಬಿದವರಿಗೆ ತಲಾ 6,000 ಡಾಲರ್. ಇವಕ್ಕೆಲ್ಲ ಆದಾಯದ ಮಿತಿ ಇದೆ. ಕಾರಿನ ಬಡ್ಡಿ ನೋಡಿ: ಕಾರು ಹೊಸದಾಗಿದ್ದು ಅದರ ಅಂತಿಮ ಜೋಡಣೆ ಅಮೆರಿಕದಲ್ಲೇ ಆಗಿರಬೇಕು, ಸಾಲ 2024ರ ನಂತರದ್ದಾಗಿರಬೇಕು, ವಿಐಎನ್, ಅಂದರೆ ವಾಹನದ ಗುರುತು ಸಂಖ್ಯೆ ಬರೆಯಬೇಕು. ದಂಪತಿಗೆ 2,00,000 ದಾಟಿದ ಪ್ರತಿ 1,000ಕ್ಕೆ 200 ಡಾಲರ್ ಕಡಿಮೆಯಾಗುತ್ತದೆ. ನಮ್ಮ ಜೋಡಿ 15,000 ದಾಟಿದೆ, ಅಂದರೆ 3,000 ಕಡಿತ. ಅವರು ಕಟ್ಟಿದ ಬಡ್ಡಿ 1,900 ಆಗಿದ್ದರೆ ಕೈಗೆ ಬರುವುದು ಸೊನ್ನೆ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ಎಷ್ಟೇ ಹಣ ಕಳಿಸಲಿ, ಅವರು ಅಮೆರಿಕದ ಪೌರರೋ ತೆರಿಗೆಯ ಲೆಕ್ಕದಲ್ಲಿ ರೆಸಿಡೆಂಟೋ ಆಗದೆ ಡಿಪೆಂಡೆಂಟ್ (ಅವಲಂಬಿತರು) ಆಗುವುದಿಲ್ಲ. ಹೆಸರು ಬರೆಯುವ ಜಾಗ ಖಾಲಿ ಇದೆಯೆಂದು ತುಂಬಬೇಡಿ.

16ನೇ ಸಾಲು, ಅಂದರೆ ತೆರಿಗೆಯ ಮೊತ್ತ. ಇಲ್ಲಿ ಹೆಚ್ಚಿನವರು ಬೆಚ್ಚಿ ಬೀಳುತ್ತಾರೆ, ಏಕೆಂದರೆ ಇದನ್ನು ನಾವೇ ಲೆಕ್ಕ ಹಾಕಿ ಬರೆಯಬೇಕು. ಸೂಚನಾ ಪುಸ್ತಕದ ವರ್ಕ್‌ಶೀಟ್‌ಗಳು ಈ ಸಾಧನದೊಳಗೆ ಇಲ್ಲ. 15ನೇ ಸಾಲಿನ ಆದಾಯ 1,00,000ಕ್ಕಿಂತ ಕಡಿಮೆ ಇದ್ದರೆ ತೆರಿಗೆ ಕೋಷ್ಟಕ, ಹೆಚ್ಚಿದ್ದರೆ ಗುಣಾಕಾರದ ವರ್ಕ್‌ಶೀಟ್. 1040ರ 3ಎ ಸಾಲಿನಲ್ಲಿ ಕ್ವಾಲಿಫೈಡ್ ಡಿವಿಡೆಂಡ್ (ಕಡಿಮೆ ದರದ ತೆರಿಗೆಯದು) ಇದ್ದರೆ ಇವೆರಡನ್ನೂ ನೇರವಾಗಿ ಬಳಸಬಾರದು. ನಮ್ಮ ಜೋಡಿಯ ತೆರಿಗೆಯೋಗ್ಯ ಆದಾಯ 2,15,000ದಿಂದ 49,000 ಕಳೆದು 1,66,000, ಅದರೊಳಗೆ 3,000 ಕ್ವಾಲಿಫೈಡ್ ಡಿವಿಡೆಂಡ್ ಎಂದಿಟ್ಟುಕೊಳ್ಳಿ. ನೇರ ಲೆಕ್ಕ: 1,66,000ದ ಶೇ 22 ಅಂದರೆ 36,520, ಅದರಿಂದ ವರ್ಕ್‌ಶೀಟ್ ಹೇಳುವ 10,172 ಕಳೆದರೆ 26,348. ಸರಿಯಾದ ಲೆಕ್ಕ: 1,63,000ಕ್ಕೆ ಇದೇ ರೀತಿ 25,688, ಡಿವಿಡೆಂಡಿಗೆ ಶೇ 15ರಂತೆ 450, ಒಟ್ಟು 26,138. ವ್ಯತ್ಯಾಸ 210 ಡಾಲರ್. ಡಿವಿಡೆಂಡ್ ಹೆಚ್ಚಿದ್ದರೆ, ಷೇರುಗಳ ದೀರ್ಘಾವಧಿ ಲಾಭವಿದ್ದರೆ ಇದು ಸಾವಿರಗಳಿಗೆ ಏರುತ್ತದೆ. ವರ್ಕ್‌ಶೀಟನ್ನು ಕಾಗದದ ಮೇಲೆ ಮಾಡಿ ಕಡತದಲ್ಲಿಡಿ, ಕಳಿಸುವಂತಿಲ್ಲ.

ಸಲ್ಲಿಸುವ ಮೊದಲು ಈ ಸಾಧನದ ಎರಡನೇ ಹಂತದಲ್ಲಿ ಡಬ್ಲ್ಯೂ-2ರ ಪ್ರತಿ ಬಾಕ್ಸ್ ಬರೆಯಬೇಕು. ಅದನ್ನು ಮರೆತರೆ 25ಎ ಸಾಲಿನ ಮುರಿದ ತೆರಿಗೆ ಸರಿಯಾಗಿ ಬರುವುದಿಲ್ಲ. ಕಂಪನಿಯ ಒಂಬತ್ತಂಕಿಯ ಇಐಎನ್ (ತೆರಿಗೆ ಗುರುತು ಸಂಖ್ಯೆ) ಒಂದಂಕಿ ತಪ್ಪಿದರೂ ರಿಟರ್ನ್ ಹಿಂದಿರುಗುವ ಸಂಭವವಿದೆ. ಸಹಿಯ ಬದಲಿಗೆ ಕೇಳುವುದು ಹಿಂದಿನ ವರ್ಷದ ಎಜಿಐ. ತಿರಸ್ಕಾರಗಳಲ್ಲಿ ಪದೇ ಪದೇ ಕಾಣುವುದು ಇದೇ. ಕೋಡ್ ಐಎನ್‌ಡಿ-031 ಬಂದರೆ ಮೊದಲ ಹೆಸರಿನವರದು, 032 ಬಂದರೆ ಸಂಗಾತಿಯದು ಹೊಂದಿಲ್ಲ ಎಂದರ್ಥ. ತಿದ್ದುಪಡಿ ಮಾಡಿದ್ದರೂ ಮೊದಲು ಸಲ್ಲಿಸಿದ ರಿಟರ್ನ್‌ನ ಅಂಕಿಯನ್ನೇ ಕೊಡಬೇಕು. ಮೊದಲ ಸಲ ಸಲ್ಲಿಸುವವರು, ಹೋದ ವರ್ಷದ್ದು ಇನ್ನೂ ಐಆರ್‌ಎಸ್‌ನಲ್ಲಿ ಮುಗಿಯದೆ ಕೂತಿರುವವರು ಸೊನ್ನೆ ಹಾಕಬೇಕು. ‘ಸಲ್ಲಿಕೆಯಾಯಿತು’ ಎಂಬ ಇಮೇಲ್ ಬಂದ ಮೇಲೆ ‘ಸ್ವೀಕೃತ’ ಎಂಬ ಇನ್ನೊಂದು ಬರುವವರೆಗೆ ಕೆಲಸ ಮುಗಿದಿಲ್ಲ. ಏಪ್ರಿಲ್ 15ರ ಹೊತ್ತಿಗೆ ತಿರಸ್ಕೃತವಾದರೆ ಸರಿಪಡಿಸಿ ಮತ್ತೆ ಕಳಿಸಲು ಐದು ದಿನ ಕೊಡುತ್ತಾರೆ.

ರಾಜ್ಯದ ರಿಟರ್ನ್ ಇದರಲ್ಲಿ ಇಲ್ಲವೇ ಇಲ್ಲ. ಕ್ಯಾಲಿಫೋರ್ನಿಯಾದವರಿಗೆ ಕ್ಯಾಲ್‌ಫೈಲ್ ಇದೆ, ಇನ್ನೂ ಕೆಲವು ರಾಜ್ಯಗಳಿಗೆ ತಮ್ಮದೇ ಉಚಿತ ತಾಣಗಳಿವೆ. ಟೆಕ್ಸಾಸ್, ವಾಷಿಂಗ್ಟನ್‌ನಲ್ಲಿ ಇರುವವರಿಗೆ ಸಂಬಳದ ಮೇಲೆ ರಾಜ್ಯ ತೆರಿಗೆಯ ರಿಟರ್ನ್ ಇಲ್ಲವಾದ್ದರಿಂದ ಈ ಕೊರತೆ ತಟ್ಟುವುದಿಲ್ಲ. ಖಾತೆ ಅಕ್ಟೋಬರ್‌ನಲ್ಲಿ ಮುಚ್ಚುತ್ತದೆ, ಆಮೇಲೆ ಒಳಗೆ ಹೋಗಿ ಪ್ರತಿ ತೆಗೆಯಲು ಬರುವುದಿಲ್ಲ. ಸ್ವೀಕೃತವಾದ ದಿನವೇ ಪಿಡಿಎಫ್ ಇಳಿಸಿಕೊಳ್ಳಿ. ಮುಂದಿನ ಜನವರಿಯಲ್ಲಿ ಹೊಸ ಖಾತೆ ತೆರೆದು ಸಲ್ಲಿಸಲು ಹೊರಟಾಗ ಕೇಳುವುದು ಆ ಪಿಡಿಎಫ್‌ನ 11ಎ ಸಾಲಿನ ಅಂಕಿಯನ್ನೇ.